ಹೆಸರಿಲ್ಲದವರ ಅರ್ಜಿ: ನಮ್ಮ ಜಿಲ್ಲಾಧಿಕಾರಿಯವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಯವರಿಗೆ ನಮಸ್ಕಾರಗಳು.

ಮೇಡಂ, ಇದನ್ನು ಅರ್ಜಿಯಾಗಿಯೇ ಕೊಡೋಣ ಅಂತಿದ್ದೆ. ಕೊಡೋಕೆ ಹೋಗಿಯೂ ಬಂದೆ. ಮೂರು ತಿಂಗಳ ಹಿಂದೆ ಒಂದು ಸರ್ಕಾರಿ ಕಚೇರಿಯಲ್ಲಿ ಅದನ್ನು ಕೈಗೆ ತೆಗೆದುಕೊಂಡವರು ಒಳ್ಳೆಯವರೇ. ಕನ್ನಡಕ ಸರಿ ಮಾಡಿಕೊಂಡು ಪೂರ್ತಿ ಓದಿದರು. ಆಮೇಲೆ ಕೇಳಿದರು, "ಸಂಘದ ಲೆಟರ್‌ಹೆಡ್ ಎಲ್ಲಿ?" ಇಲ್ಲ ಅಂದೆ. "ನೋಂದಣಿ ಸಂಖ್ಯೆ?" ಇಲ್ಲ. "ಅಧ್ಯಕ್ಷರು ಯಾರು?" ಯಾರೂ ಇಲ್ಲ. "ಸದಸ್ಯರ ಪಟ್ಟಿ, ಆಧಾರ್ ಜೆರಾಕ್ಸ್ ಆದರೂ ಕೊಡಿ." ಕೊಡೋಕಾಗಲ್ಲ ಅಂದೆ. ಅವರು ನಕ್ಕು ಅರ್ಜಿ ವಾಪಸ್ ಕೊಟ್ಟರು. "ಏನ್ರೀ ಇದು, ಹೆಸರೇ ಇಲ್ಲದವರಿಗೆ ಕೋಣೆ ಹೇಗ್ರೀ ಕೊಡೋದು?"

ಅವರ ಪ್ರಶ್ನೆಯಲ್ಲಿ ತಪ್ಪಿಲ್ಲ. ಉತ್ತರ ಅವರ ಕೈಯಲ್ಲಿ ಇರಲಿಲ್ಲ, ಅಷ್ಟೇ. ನಿಮ್ಮ ಕೈಯಲ್ಲಿ ಇರಬಹುದು ಅಂತ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನಮಗೆ ಬೇಕಾಗಿರುವುದು ಇಷ್ಟು. ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಒಂದು ಕೋಣೆ. ವಾರಕ್ಕೆ ಎರಡು ಸಂಜೆ, ಏಳರಿಂದ ಎಂಟೂವರೆವರೆಗೆ. ಹದಿನೈದು ಕುರ್ಚಿ, ಒಂದು ಫ್ಯಾನು. ಕುಡಿತ ಬಿಟ್ಟವರು, ಬಿಡಬೇಕು ಅಂತಿರುವವರು ಅಲ್ಲಿ ಕೂತು ಮಾತಾಡುತ್ತೇವೆ. ಆಲ್ಕೊಹಾಲಿಕ್ಸ್ ಅನಾನಿಮಸ್ ಅನ್ನುವ ಕೂಟದ ಪದ್ಧತಿ ಇದು, ಹೀಗೆ ಕೂರುವುದಕ್ಕೆ ಮೀಟಿಂಗ್ ಅನ್ನುತ್ತೇವೆ. ಬಾಡಿಗೆ ಕೊಡುತ್ತೇವೆ.

ನಾನು ಮೋಟಾರ್ ವೈಂಡಿಂಗ್ ಮಾಡುವವನು. ಸುಟ್ಟ ಪಂಪ್‌ಸೆಟ್ಟು, ಬೋರ್‌ವೆಲ್ ಮೋಟಾರು ರಿಪೇರಿ ಮಾಡುವುದು ನನ್ನ ಕೆಲಸ. (ನಮ್ಮೂರಲ್ಲಿ ಇಂಥ ಅಂಗಡಿ ಸುಮಾರಿವೆ. ಯಾರಿರಬಹುದು ಅಂತ ದಯವಿಟ್ಟು ಯಾರೂ ಹುಡುಕಲು ಹೋಗಬೇಡಿ.) ಹದಿನೇಳು ವರ್ಷ ಕುಡಿದೆ. ಬರುವ ದೀಪಾವಳಿಗೆ ಬಿಟ್ಟು ನಾಲ್ಕು ವರ್ಷ.

ಕಳೆದ ಆಗಸ್ಟ್ 1ರಂದು ನೀವು ನಮ್ಮ ಊರಿಗೆ ಬಂದಿದ್ದಿರಿ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳ ಹುಟ್ಟಿದ ದಿನ, ಸರ್ಕಾರ ಅದನ್ನು ವ್ಯಸನಮುಕ್ತ ದಿನ ಅಂತ ಆಚರಿಸುತ್ತದಲ್ಲ, ಅವತ್ತು. ಶಾಲೆ ಮಕ್ಕಳ ಜಾಥಾ ನನ್ನ ಅಂಗಡಿ ಮುಂದೆಯೇ ಹೋಯಿತು. "ಬಿಡಿ ಬಿಡಿ, ಕುಡಿತ ಬಿಡಿ" ಅಂತ ಕೂಗುತ್ತಿದ್ದರು. ಪಕ್ಕದ ಟೀ ಅಂಗಡಿಯ ಬೆಂಚಿನ ಮೇಲೆ ಒಬ್ಬರು ಕೂತಿದ್ದರು. ಬೆಳಗ್ಗೆ ಹತ್ತಕ್ಕೇ ಏರಿಸಿದ್ದರು. ಮಕ್ಕಳನ್ನು ನೋಡಿ ಕೈ ಮುಗಿದು, ತಮಾಷೆಗಲ್ಲ, ನಿಜವಾಗಿಯೇ ಕೇಳಿದರು, "ಬಿಟ್ಟು ಎಲ್ಲಿಗ್ ಹೋಗ್ಲಪ್ಪಾ?"

ಮಕ್ಕಳು ನಕ್ಕರು. ನನಗೆ ನಗು ಬರಲಿಲ್ಲ. ಆ ಸ್ವಾಮೀಜಿ ಜೋಳಿಗೆ ಹಿಡಿದು ಮನೆ ಮನೆಗೆ ಹೋಗಿ, ನಿಮ್ಮ ಚಟವನ್ನು ಇದಕ್ಕೆ ಹಾಕಿ ಅಂತ ಕೇಳುತ್ತಿದ್ದರು. ಅಂದರೆ ಬಿಡುವವನ ಬಾಗಿಲಿಗೇ ಬಂದು ನಿಲ್ಲುತ್ತಿದ್ದರು. ಜಾಥಾ ಹಾಗಲ್ಲ. ಅದು ಮುಂದಕ್ಕೆ ಹೋಗಿಬಿಡುತ್ತದೆ.

ಬಿಡುವುದು ಅಂಥ ದೊಡ್ಡ ವಿಷಯ ಅಲ್ಲ ಮೇಡಂ. ನಾನೇ ಎಷ್ಟೋ ಸಲ ಬಿಟ್ಟಿದ್ದೇನೆ. ಮಗಳ ತಲೆ ಮುಟ್ಟಿ ಆಣೆ ಮಾಡಿ ಬಿಟ್ಟೆ, ಹನ್ನೊಂದು ದಿನ. ಅಯ್ಯಪ್ಪನ ಮಾಲೆ ಹಾಕಿ ಬಿಟ್ಟೆ, 41 ದಿನ. ಶಬರಿಮಲೆಯಿಂದ ಬಂದು ಮಾಲೆ ತೆಗೆದ ಸಂಜೆಯೇ ಅಂಗಡಿಗೆ ಹೋದೆ. "ಮಾಲೆ ಹಾಕಿದಾಗ ಇರ್ತಾನೆ ಅಂದ್ಮೇಲೆ ಇವನಿಗೆ ಮನಸ್ಸಿಲ್ಲ ಅಷ್ಟೇ" ಅಂತ ಮನೆಯವರೆಲ್ಲ ಅಂದರು. ನಾನೂ ಹಾಗೇ ನಂಬಿದ್ದೆ. ಆಮೇಲೆ ಯೋಚಿಸಿದರೆ ಬೇರೆಯೇ ಹೊಳೆಯಿತು. ಆ 41 ದಿನ ಸಂಜೆ ಏಳಕ್ಕೆ ನನಗೆ ಹೋಗಲು ಒಂದು ಜಾಗ ಇತ್ತು. ತಣ್ಣೀರು ಸ್ನಾನ, ಸನ್ನಿಧಿ, ಭಜನೆ, ನನ್ನ ಹಾಗೇ ಕಪ್ಪು ಬಟ್ಟೆ ಹಾಕಿದ ಇಪ್ಪತ್ತು ಜನ. "ಸ್ವಾಮಿ" ಅಂತ ಕರೆಯುವವರು. ಮಾಲೆ ತೆಗೆದ ಮೇಲೆ ಏಳು ಗಂಟೆ ಇತ್ತು, ಜಾಗ ಇರಲಿಲ್ಲ.

ಸಂಜೆ ಏಳು ಗಂಟೆ ಅಂದರೆ ಏನು ಅಂತ ಕುಡಿಯದವರಿಗೆ ಹೇಳುವುದು ಕಷ್ಟ. ಅಂಗಡಿ ಬಾಗಿಲು ಎಳೆದ ಮೇಲೆ ಕಾಲು ತಾವೇ ನಡೆಯುತ್ತವೆ. ನಮ್ಮೂರ ಬಸ್ ಸ್ಟ್ಯಾಂಡಿನಿಂದ ನನ್ನ ಮನೆಗೆ ಒಂದೂಕಾಲು ಕಿಲೋಮೀಟರ್. ಆ ದಾರಿಯಲ್ಲಿ ಎರಡು ವೈನ್ ಶಾಪು, ಮೂರು ಬಾರು. ಎಲ್ಲದಕ್ಕೂ ಲೈಟು ಹಾಕಿದ ಬೋರ್ಡು. ಅವನ್ನೆಲ್ಲ ಮುಚ್ಚಿಸಿ ಅಂತ ಕೇಳುವ ಪತ್ರ ಇದಲ್ಲ. ಆ ಮಾತನ್ನು ನನಗಿಂತ ಚೆನ್ನಾಗಿ ಹೇಳಿದವರು ಇದ್ದಾರೆ. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದುಬಂದ ಹೆಂಗಸರು ಅದನ್ನು ಕಾಲಲ್ಲೇ ಹೇಳಿದರು. 2025-26ರ ರಾಜ್ಯ ಬಜೆಟ್‌ನಲ್ಲಿ ಅಬಕಾರಿ ಗುರಿ 40,000 ಕೋಟಿ ರೂಪಾಯಿ. ಅದರಲ್ಲಿ ನನ್ನ ಹದಿನೇಳು ವರ್ಷದ ಪಾಲೂ ಸೇರಿಕೊಂಡು ಬಂದಿದೆ. ಆ ಲೆಕ್ಕದಲ್ಲಿ ಹದಿನೈದು ಕುರ್ಚಿ ಕೇಳುವುದು ಜಾಸ್ತಿ ಆಗಲ್ಲ ಅಂತ ನನ್ನ ಎಣಿಕೆ.

ನನಗೆ ಮೀಟಿಂಗ್ ಸಿಕ್ಕಿದ್ದು ಹೇಗೆ ಅಂತ ಹೇಳುತ್ತೇನೆ. ಅದರಲ್ಲೇ ನನ್ನ ದೂರು ಇದೆ.

ಕೊನೆಯ ಸಲ ನನ್ನನ್ನು ಆಸ್ಪತ್ರೆಗೆ ಸೇರಿಸಿದಾಗ ಒಂಬತ್ತು ದಿನ ಇಟ್ಟುಕೊಂಡರು. ಡ್ರಿಪ್ಪು, ವಿಟಮಿನ್ ಇಂಜೆಕ್ಷನ್ನು, ನಿದ್ದೆ ಮಾತ್ರೆ. ಚೆನ್ನಾಗಿ ನೋಡಿಕೊಂಡರು, ಸುಳ್ಳು ಹೇಳಲಾರೆ. ಡಿಸ್ಚಾರ್ಜ್ ಚೀಟಿಯಲ್ಲಿ "ಮದ್ಯಪಾನ ಮಾಡಬಾರದು" ಅಂತ ಬರೆದಿದ್ದರು. ಮಾಡಬಾರದು ಅಂತ ನನಗೂ ಗೊತ್ತಿತ್ತು. ಮಾಡದೇ ಇರೋದಕ್ಕೆ ಎಲ್ಲಿ ಸಹಾಯ ಸಿಗುತ್ತೆ ಅಂತ ಒಬ್ಬರೂ ಒಂದು ಸಾಲು ಹೇಳಲಿಲ್ಲ. ಪಕ್ಕದ ಮಂಚದ ರೋಗಿಯನ್ನು ನೋಡಲು ಬಂದಿದ್ದ ವಯಸ್ಸಾದವರೊಬ್ಬರು ಮಾತ್ರ ನನ್ನನ್ನು ಎರಡು ದಿನ ಸುಮ್ನೆ ಗಮನಿಸಿದರು. ಹೋಗುವಾಗ ಬಸ್ ಟಿಕೆಟಿನ ಹಿಂದೆ ಒಂದು ಫೋನ್ ನಂಬರ್ ಬರೆದು ದಿಂಬಿನ ಕೆಳಗೆ ಇಟ್ಟರು. "ನಾನೂ ನಿಮ್ಮ ಹಾಗೇ ಇದ್ದೆ" ಅಂದರು. ಅಷ್ಟೇ.

ಆ ಟಿಕೆಟ್ ನಾಲ್ಕು ತಿಂಗಳು ಪರ್ಸಿನಲ್ಲಿತ್ತು. ಅಷ್ಟರಲ್ಲಿ ಮತ್ತೆ ಶುರುವಾಗಿತ್ತು. ನನ್ನ ಹೆಂಡತಿ ಕರೆಂಟ್ ಕಂಬದ ಮೇಲಿನ ಬೋರ್ಡ್ ನೋಡಿ, "ಅವರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ" ಅನ್ನುವ ಪುಡಿ ತರಿಸಿದ್ದಳು. ಎರಡು ಸಾವಿರದ ನಾನೂರು ರೂಪಾಯಿ. ಸಾರಿನಲ್ಲಿ ಹಾಕಿದಳು, ಏನೂ ಆಗಲಿಲ್ಲ. ಆಗಿದ್ದರೆ ಏನು ಗತಿ ಅಂತ ಈಗ ಭಯವಾಗುತ್ತದೆ. ಕುಡಿತ ಬಿಡಿಸಲು ಡಾಕ್ಟರು ಕೊಡುವ ಡೈಸಲ್ಫಿರಾಮ್ ಮಾತ್ರೆಯನ್ನೂ ತಿನ್ನುವವನಿಗೆ ಹೇಳಿಯೇ ಕೊಡಬೇಕು, ಗೊತ್ತಿಲ್ಲದೆ ಅದರ ಮೇಲೆ ಕುಡಿದರೆ ಪ್ರಾಣಕ್ಕೇ ಬರಬಹುದು. ಯೋಚಿಸಿ ಮೇಡಂ, ಆ ಪುಡಿ ಮಾರುವವನ ಬೋರ್ಡು ನಮ್ಮ ತಾಲ್ಲೂಕಿನ ಕಂಬಕಂಬದಲ್ಲೂ ಇದೆ. ಮೀಟಿಂಗಿನ ವಿಷಯ ಒಂದು ಬಸ್ ಟಿಕೆಟಿನ ಹಿಂದೆ ಮಾತ್ರ ಇತ್ತು.

ಒಂದು ರಾತ್ರಿ ಫೋನ್ ಮಾಡಿದೆ. ಆ ಕಡೆಯವರು ಮೊದಲು ಕೇಳಿದ್ದು, "ಇವತ್ತು ಕುಡಿದಿದ್ದೀರಾ?" ಹೌದು ಅಂದೆ. "ಪರವಾಗಿಲ್ಲ. ನಾಳೆ ಬನ್ನಿ, ಆದಷ್ಟು ಕುಡಿಯದೆ ಬನ್ನಿ. ಕುಡಿದಿದ್ರೂ ಬನ್ನಿ, ಸುಮ್ನೆ ಕೂತ್ಕೊಳ್ಳಿ."

ಜಿಲ್ಲಾ ಕೇಂದ್ರದಲ್ಲಿ ಒಂದು ಶಾಲೆ. ಎರಡನೇ ಕ್ಲಾಸಿನ ಕೋಣೆ. ಬೆಂಚು ಎಷ್ಟು ಚಿಕ್ಕದೆಂದರೆ ಮಂಡಿ ಗದ್ದಕ್ಕೆ ಬರುತ್ತಿತ್ತು. ಗೋಡೆ ಮೇಲೆ ಅಕ್ಷರಮಾಲೆಯ ಚಾರ್ಟು, ಅ ಅರಸ, ಆ ಆನೆ. ಮೇಜಿನ ಮೇಲೆ ಸ್ಟೀಲ್ ಫ್ಲಾಸ್ಕು, ಪೇಪರ್ ಕಪ್ಪು, ನಾಲ್ಕೈದು ಪುಸ್ತಕ. ಹನ್ನೊಂದು ಜನ ಇದ್ದರು. ಇಸ್ತ್ರಿ ಮಾಡಿದ ಅಂಗಿಯವರೂ ಇದ್ದರು, ಖಾಕಿ ಅಂಗಿಯ ಆಟೋದವರೂ ಇದ್ದರು. ಒಬ್ಬೊಬ್ಬರೇ ಹೆಸರು ಹೇಳಿ "ನಾನೊಬ್ಬ ಆಲ್ಕೊಹಾಲಿಕ್" ಅಂದರು. ಹೀಗೆ ಇಸ್ತ್ರಿ ಅಂಗಿ ಹಾಕಿದವರು ಆ ಮಾತನ್ನು ತಾವಾಗಿಯೇ ಹೇಳಿಕೊಂಡದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು.

ಬುದ್ಧಿವಾದ ಶುರುವಾಗುತ್ತೆ ಅಂತ ಕಾಯುತ್ತಿದ್ದೆ. ಶುರುವಾಗಲೇ ಇಲ್ಲ. ಅಪ್ಪ, ಅಣ್ಣ, ಮಾವ, ಡಾಕ್ಟರು, ಬ್ಯಾಂಕಿನವರು, ಎಲ್ಲರೂ ನನಗೆ ಬುದ್ಧಿ ಹೇಳಿದ್ದರು. ಇಲ್ಲಿ ಯಾರೂ ನೀನು ಅನ್ನಲಿಲ್ಲ, ಎಲ್ಲರೂ ನಾನು ಅಂದರು. ನಾನು ಹೀಗೆ ಮಾಡಿದೆ, ನನಗೆ ಹೀಗಾಯಿತು, ಇವತ್ತು ಹೀಗಿದ್ದೇನೆ. ಮಧ್ಯೆ ಬಾಯಿ ಹಾಕುವ ಹಾಗಿಲ್ಲ. ನನ್ನ ಸರದಿ ಬಂದಾಗ ಸುಮ್ಮನಿರಬಹುದು ಅಂದರು. ಆದರೂ ಮಾತಾಡಿಬಿಟ್ಟೆ.

ಹೇಳಿದ್ದು ಒಂದು ಮೋಟಾರಿನ ಕಥೆ. ಬೋರ್‌ವೆಲ್ ಮೋಟಾರಿನ ವೈರಿಗೆ ಮೇಲೊಂದು ಪ್ಲಾಸ್ಟಿಕ್ ಹೊದಿಕೆ ಇರುತ್ತದೆ. ಸ್ಟೇಟರಿನ, ಅಂದರೆ ಮೋಟಾರಿನ ತಿರುಗದ ಭಾಗದ, ಸಂದಿಯಲ್ಲಿ ಒಂದೊಂದೇ ಎಳೆ ತೂರಿಸಿ ಎಳೆಯಬೇಕು. ಎಲ್ಲೂ ಗೀಚಬಾರದು. ಒಂದು ಕೂದಲೆಳೆಯಷ್ಟು ಗೀಚಿದರೂ ನೀರಿನಲ್ಲಿ ಮುಳುಗಿದ ಮೇಲೆ ಶಾರ್ಟ್ ಆಗುತ್ತದೆ. ಬೆಳಗ್ಗೆ ಒಂದು ಕ್ವಾರ್ಟರ್ ಒಳಗೆ ಹೋಗುವ ತನಕ ನನ್ನ ಕೈ ನಿಲ್ಲುತ್ತಿರಲಿಲ್ಲ. ಒಬ್ಬ ರೈತರ ಮೋಟಾರನ್ನು ಹಾಗೆ ನಡುಗುವ ಕೈಯಲ್ಲೇ ಕಟ್ಟಿ ಕೊಟ್ಟೆ. ಐನೂರು ಅಡಿ ಇಳಿಸಿದರು. ಮೂರನೇ ದಿನ ಸುಟ್ಟಿತು. ಮತ್ತೆ ಪೈಪು ಮೇಲೆತ್ತಿಸಿದರು, ಮತ್ತೆ ಕೂಲಿ, ಅಷ್ಟರಲ್ಲಿ ಟೊಮೆಟೊ ಒಣಗಿತ್ತು. ವೋಲ್ಟೇಜ್ ಸರಿ ಇಲ್ಲ, ಅದಕ್ಕೇ ಸುಟ್ಟಿದೆ ಅಂತ ಅವರಿಗೆ ಸುಳ್ಳು ಹೇಳಿ ಇನ್ನೊಂದು ಸಲ ದುಡ್ಡು ತಗೊಂಡೆ. ಇದನ್ನು ನಾನು ಹೆಂಡತಿಗೂ ಹೇಳಿರಲಿಲ್ಲ. ಹೇಳಿ ಮುಗಿಸಿದಾಗ ಯಾರೂ ಛೀ ಅನ್ನಲಿಲ್ಲ. ಪಕ್ಕದವರು ಟೀ ಬಗ್ಗಿಸಿ ಕೊಟ್ಟರು. ಆ ರೈತರ ದುಡ್ಡನ್ನು ಎರಡು ವರ್ಷದ ಮೇಲೆ ವಾಪಸ್ ಕೊಟ್ಟೆ, ಅದು ಬೇರೆ ಕಥೆ.

ಈ ಆಲ್ಕೊಹಾಲಿಕ್ಸ್ ಅನಾನಿಮಸ್, ನಾವು ಎಎ ಅನ್ನುತ್ತೇವೆ, ಶುರುವಾಗಿದ್ದು ಅಮೆರಿಕದ ಆಕ್ರನ್ ಅನ್ನುವ ಊರಲ್ಲಿ, 1935ರಲ್ಲಿ. ಒಬ್ಬ ಷೇರು ವ್ಯವಹಾರದವನು, ಒಬ್ಬ ಸರ್ಜನ್, ಇಬ್ಬರೂ ಮಹಾ ಕುಡುಕರು. ಕೂತು ಮಾತಾಡಿದರೆ ಆ ದಿನ ಕುಡಿಯದೆ ಇರಬಹುದು ಅಂತ ಕಂಡುಕೊಂಡರು. ನಮ್ಮ ದೇಶಕ್ಕೆ 1957ರಲ್ಲಿ ಮುಂಬೈ ಮೂಲಕ ಬಂತು. ಇದೆಲ್ಲ ಬರೀ ಭಜನೆ ಥರ ಅಂತ ನಿಮ್ಮ ಅಧಿಕಾರಿಗಳಲ್ಲಿ ಯಾರಾದರೂ ಅಂದರೆ, 2020ರಲ್ಲಿ ಚಿಕಿತ್ಸೆಗಳ ಅಧ್ಯಯನಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆ 27 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ್ದನ್ನು ಅವರಿಗೆ ತೋರಿಸಿ. ಪೂರ್ತಿ ಬಿಟ್ಟು ಉಳಿಯುವ ವಿಷಯದಲ್ಲಿ ಎಎಗೆ ಕಳಿಸಿಕೊಡುವ ಚಿಕಿತ್ಸೆ, ಬೇರೆ ಹೆಸರಾಂತ ಚಿಕಿತ್ಸೆಗಳಿಗಿಂತ ಹಿಂದೆ ಬಿದ್ದಿರಲಿಲ್ಲ, ಎಷ್ಟೋ ಕಡೆ ಮುಂದೆಯೇ ಇತ್ತು. ನಮ್ಮಲ್ಲೇ ನೋಡಿ, ಧರ್ಮಸ್ಥಳದವರ ಮದ್ಯವರ್ಜನ ಶಿಬಿರ ಮುಗಿದ ಮೇಲೆ ಬಿಟ್ಟವರನ್ನೆಲ್ಲ ನವಜೀವನ ಸಮಿತಿ ಅಂತ ಸೇರಿಸುತ್ತಾರೆ. ಶಿಬಿರ ಎಂಟು ದಿನ, ಆಮೇಲಿನದ್ದು ಜೀವನಪೂರ್ತಿ ಅಂತ ಅವರಿಗೂ ಗೊತ್ತು.

ಇನ್ನು ದಾರಿಯ ವಿಷಯ. ಬೆಂಗಳೂರಿನವರಿಗೆ ಕಷ್ಟ ಇಲ್ಲ, ಅಲ್ಲಿ ದಿನಾ ಸಂಜೆ ಎಲ್ಲಾದರೂ ಒಂದು ಕಡೆ ಮೀಟಿಂಗ್ ಇರುತ್ತದೆ. ನನಗೆ 58 ಕಿಲೋಮೀಟರ್. ಮೀಟಿಂಗ್ ಏಳಕ್ಕೆ ಶುರುವಾಗಿ ಎಂಟೂವರೆಗೆ ಮುಗಿಯುತ್ತದೆ. ನಮ್ಮೂರಿಗೆ ಕೊನೆಯ ಬಸ್ಸು ಎಂಟೂಕಾಲಿಗೆ. ಹಾಗಾಗಿ ಒಂದು ವರ್ಷ ನಾನು ಮೀಟಿಂಗಿನ ಕೊನೆಯನ್ನೇ ನೋಡಿರಲಿಲ್ಲ. ಯಾರೋ ಅಳುತ್ತಾ ಮಾತಾಡುತ್ತಿದ್ದಾಗ ಎದ್ದು ಓಡಬೇಕು. ಕೊನೆಯಲ್ಲಿ ಎಲ್ಲರೂ ಎದ್ದು ನಿಂತು ಪ್ರಾರ್ಥನೆ ಹೇಳುತ್ತಾರೆ ಅಂತ ಗೊತ್ತಾಗಿದ್ದೇ ಬಸ್ ತಪ್ಪಿದ ದಿನ. ಅವತ್ತು ಬಸ್ ಸ್ಟ್ಯಾಂಡಿನಲ್ಲಿ ಒಬ್ಬನೇ. ಎದುರಿಗೇ ಬಾರು. ಜೇಬಲ್ಲಿ ಮುನ್ನೂರು ರೂಪಾಯಿ. ಫೋನ್ ಮಾಡಿದೆ. ಆಟೋದವರು ಬಂದರು. ಬೆಳಗಿನ ಜಾವ ನಾಲ್ಕೂವರೆ ಬಸ್ಸಿನ ತನಕ ನನ್ನ ಜೊತೆ ಕೂತರು. ಮಾತು ಜಾಸ್ತಿ ಆಡಲಿಲ್ಲ. ಕಡಲೆಕಾಯಿ ತಿಂದೆವು.

ಇಷ್ಟು ದೂರ ಎಲ್ಲರೂ ಹೋಗಲಾರರು. ದಿನಗೂಲಿಯವನು ಮೂರು ಗಂಟೆಗೆ ಕೆಲಸ ಬಿಟ್ಟು ಬಸ್ ಚಾರ್ಜು ಕೊಟ್ಟು ಹೋಗುತ್ತಾನಾ? ಅದಕ್ಕೆ ಎರಡು ವರ್ಷದ ಹಿಂದೆ ನಾವು ನಾಲ್ಕು ಜನ ಸೇರಿ ನಮ್ಮೂರಲ್ಲೇ ಶುರು ಮಾಡಿದೆವು. ಜಾಗಕ್ಕೆ ಕೇಳದ ಕಡೆ ಇಲ್ಲ. ಒಂದು ಕಡೆ "ಕುಡುಕರ ಸಭೆನಾ? ಹೆಣ್ಮಕ್ಕಳು ಓಡಾಡೋ ಜಾಗ ಇದು" ಅಂದರು. ಇನ್ನೊಂದು ಕಡೆ ಎರಡು ವಾರ ಕೊಟ್ಟು ಮೂರನೇ ವಾರ ಬೀಗ ಹಾಕಿದ್ದರು. ಕೊನೆಗೆ ನನ್ನ ಅಂಗಡಿಯೇ ಗತಿಯಾಯಿತು. ಸುಟ್ಟ ಮೋಟಾರುಗಳ ಮಧ್ಯೆ ಸ್ಟೂಲು ಹಾಕಿ, ರಸ್ತೆಯವರಿಗೆ ಕಾಣಬಾರದು ಅಂತ ಷಟರ್ ಅರ್ಧ ಎಳೆದು ಕೂರುತ್ತೇವೆ.

ಷಟರ್ ಅರ್ಧ ಎಳೆದು ಆರೇಳು ಗಂಡಸರು ಒಳಗೆ ಕೂತರೆ ಊರು ಏನಂದುಕೊಳ್ಳುತ್ತೆ ಹೇಳಿ. ಕುಡೀತಿದ್ದಾರೆ ಅಂದುಕೊಳ್ಳುತ್ತೆ! ಒಂದು ಸಲ ಬೀಟ್ ಪೊಲೀಸ್ ಒಬ್ಬರು ಇಸ್ಪೀಟು ಅಂತ ಬಗ್ಗಿ ಒಳಗೆ ಬಂದರು. ಟೀ ಫ್ಲಾಸ್ಕು ನೋಡಿ ಮುಚ್ಚಳ ತೆಗೆದು ಮೂಸಿದರು. ನಿಜವಾಗಿಯೂ ಟೀ. ಅವರಿಗೆ ನಿರಾಸೆಯೇ ಆಗಿರಬೇಕು ಪಾಪ. ನಾವು ನಕ್ಕೆವು. ಆದರೆ ಅವತ್ತು ಮೊದಲ ಸಲ ಬಂದಿದ್ದ ಹುಡುಗ, ಇಪ್ಪತ್ತಾರು ವಯಸ್ಸು, ಮತ್ತೆ ಬರಲಿಲ್ಲ.

ಆಸ್ಪತ್ರೆಯನ್ನೇ ಯಾಕೆ ಕೇಳುತ್ತಿದ್ದೇವೆ ಅಂದರೆ ಇದಕ್ಕೇ. ಆಸ್ಪತ್ರೆ ಒಳಗೆ ಹೋಗುವವನನ್ನು ಯಾಕೆ ಹೋದೆ ಅಂತ ಯಾರೂ ಕೇಳಲ್ಲ. ಜ್ವರಕ್ಕೂ ಹೋಗಬಹುದು, ಬಿಪಿಗೂ ಹೋಗಬಹುದು. ಹೆಂಗಸರೂ ಬರಬಹುದು. ಕುಡಿಯುವ ಹೆಂಗಸರು ನಮ್ಮ ತಾಲ್ಲೂಕಿನಲ್ಲಿ ಇಲ್ಲ ಅಂತ ಅಂದುಕೊಳ್ಳಬೇಡಿ. ಇಬ್ಬರು ನನಗೆ ಫೋನ್ ಮಾಡಿದ್ದಾರೆ. ಅರ್ಧ ಎಳೆದ ಷಟರಿನ ಕೆಳಗೆ ಬಗ್ಗಿ ಬನ್ನಿ ಅಂತ ಅವರಿಗೆ ಯಾವ ಬಾಯಲ್ಲಿ ಹೇಳಲಿ?

ಮನೆಯವರಿಗೂ ಇದೇ ಥರದ ಮೀಟಿಂಗ್ ಇದೆ, ಅಲ್-ಅನಾನ್ ಅಂತ, 1951ರಿಂದ ಇದೆ. ನನ್ನ ಹೆಂಡತಿ ಒಂದು ದಿನ ಕೇಳಿದಳು, "ನಿಮಗಾದ್ರೆ ಟೀ, ಮೀಟಿಂಗು, ಚಪ್ಪಾಳೆ. ಹದಿನೇಳು ವರ್ಷ ಅನುಭವಿಸಿದ ನನಗೇನು?" ನನ್ನ ಹತ್ತಿರ ಉತ್ತರ ಇರಲಿಲ್ಲ. ನಮಗೆ ಕೋಣೆ ಸಿಕ್ಕರೆ ಇನ್ನೊಂದು ದಿನ ಅವಳೂ ಇನ್ನಿಬ್ಬರೂ ಶುರು ಮಾಡುತ್ತಾರಂತೆ.

ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ, ಬೇರೆಯವರೂ ಓದುತ್ತಾರಲ್ಲ. ಮೀಟಿಂಗ್ ಔಷಧಿ ಅಲ್ಲ. ಬೆಳಗ್ಗೆ ಕೈ ನಡುಗುವ ಹಂತಕ್ಕೆ ಹೋದವರು ಹಠಕ್ಕೆ ಬಿದ್ದು ಒಮ್ಮೆಲೇ ನಿಲ್ಲಿಸಬಾರದು. ಎರಡು ಮೂರು ದಿನದಲ್ಲಿ ಫಿಟ್ಸ್ ಬರಬಹುದು, ಇಲ್ಲದ್ದೆಲ್ಲ ಕಾಣಬಹುದು, ಜೀವವೂ ಹೋಗಬಹುದು. ಮೊದಲು ಡಾಕ್ಟರು, ಆಮೇಲೆ ನಾವು. ಯಾರಿಗೆ ಕೇಳಬೇಕು ಅಂತ ತಿಳಿಯದಿದ್ದರೆ 14446ಕ್ಕೆ ಫೋನ್ ಮಾಡಬಹುದು, ವ್ಯಸನಕ್ಕೆಂದೇ ಇರುವ ಕೇಂದ್ರ ಸರ್ಕಾರದ ಉಚಿತ ನಂಬರು. ಮನಸ್ಸು ತೀರಾ ಕೆಟ್ಟರೆ ಟೆಲಿ-ಮಾನಸ್ 14416.

ಆಸ್ಪತ್ರೆಯಲ್ಲಿ ಕೋಣೆ ಇದ್ದರೆ ಈ ಎರಡು ಕೆಲಸವೂ ಒಂದೇ ಗೇಟಿನೊಳಗೆ ಆಗುತ್ತದೆ. ಡಿಸ್ಚಾರ್ಜ್ ಮಾಡುವ ನರ್ಸ್ ಅಕ್ಕ "ಗುರುವಾರ ಸಂಜೆ ಏಳಕ್ಕೆ ಇದೇ ಮೆಟ್ಟಿಲು ಹತ್ತಿ ಬನ್ನಿ" ಅಂದರೆ ಸಾಕು. 2019ರಲ್ಲಿ ಕೇಂದ್ರ ಸರ್ಕಾರ ಏಮ್ಸ್‌ನಿಂದ ಮಾಡಿಸಿದ ಸಮೀಕ್ಷೆ ಪ್ರಕಾರ ಕುಡಿತಕ್ಕೆ ಸಿಕ್ಕಿಬಿದ್ದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನೋ ಒಂದು ಚಿಕಿತ್ಸೆ ಸಿಗುತ್ತದೆ. ನಾನು ಆ ಒಬ್ಬ. ಚಿಕಿತ್ಸೆ ಸಿಕ್ಕಿಯೂ ಬಸ್ ಟಿಕೆಟ್ ಇಲ್ಲದಿದ್ದರೆ ಉಳಿಯುತ್ತಿರಲಿಲ್ಲ.

ಈಗ ಆ ಕಚೇರಿಯವರು ಕೇಳಿದ ಪ್ರಶ್ನೆಗೆ ಬರುತ್ತೇನೆ. ನಮಗೆ ಅಧ್ಯಕ್ಷರು ಇಲ್ಲ, ಬೇಕು ಅಂತಲೂ ಇಲ್ಲ. ಬರುವವರಿಗೆ ಇರುವುದು ಒಂದೇ ಷರತ್ತು, ಕುಡಿತ ಬಿಡುವ ಆಸೆ ಇರಬೇಕು. ಫೀಸಿಲ್ಲ, ಹಾಜರಿ ಪುಸ್ತಕ ಇಲ್ಲ. ಹೆಸರು ಹೊರಗೆ ಹೋಗಲ್ಲ ಅನ್ನುವ ನಂಬಿಕೆ ಮೇಲೆಯೇ ಜನ ಬರುತ್ತಾರೆ. ಆಧಾರ್ ಕೇಳಿದ ದಿನ ಹದಿನೈದರಲ್ಲಿ ಹದಿಮೂರು ಕುರ್ಚಿ ಖಾಲಿಯಾಗುತ್ತವೆ. ಈ ಪತ್ರದಲ್ಲೂ ನನ್ನ ಹೆಸರಿಲ್ಲದಿರುವುದು ಹೆದರಿಕೆಗಲ್ಲ, ಪೇಪರು ಟಿವಿಯಲ್ಲಿ ಹೆಸರು ಹಾಕಿಕೊಳ್ಳಬಾರದು ಅನ್ನುವುದು ನಮ್ಮ ಸಂಪ್ರದಾಯ. ಹಾಗೆಯೇ ಇದು ಎಎ ಪರವಾಗಿ ಬರೆದದ್ದೂ ಅಲ್ಲ. ಒಬ್ಬ ಸದಸ್ಯ ತನ್ನಷ್ಟಕ್ಕೆ ಬರೆದದ್ದು.

ಬಾಡಿಗೆಯ ವಿಷಯದಲ್ಲಿ ಮಾತ್ರ ದಯವಿಟ್ಟು ಉದಾರಿಗಳಾಗಬೇಡಿ. ಹೊರಗಿನವರಿಂದ ದುಡ್ಡು, ಸಹಾಯಧನ ತಗೊಳ್ಳಬಾರದು ಅನ್ನುವುದೂ ನಮ್ಮ ಕಟ್ಟುಪಾಡು. ಮೀಟಿಂಗ್ ಕೊನೆಗೆ ಒಂದು ಡಬ್ಬಿ ಸುತ್ತು ಬರುತ್ತದೆ, ಇದ್ದವರು ಹತ್ತೋ ಇಪ್ಪತ್ತೋ ಹಾಕುತ್ತಾರೆ. ಅದರಲ್ಲಿ ಟೀ, ಬಾಡಿಗೆ, ಪುಸ್ತಕ. ತಿಂಗಳಿಗೆ ಐನೂರು ರೂಪಾಯಿ ಕೊಡಬಲ್ಲೆವು. ರಸೀದಿಯಲ್ಲಿ ಹೆಸರಿನ ಜಾಗದಲ್ಲಿ "ಗುರುವಾರದ ಗುಂಪು" ಅಂತ ಬರೆದುಕೊಳ್ಳಲಿ.

ನಶಾ ಮುಕ್ತ ಭಾರತ ಅಭಿಯಾನದ ಜಿಲ್ಲಾ ಸಮಿತಿಗೆ ನೀವೇ ಅಧ್ಯಕ್ಷರು. ಗಣೇಶ ಬಿಡುವ ದಿನ ಮದ್ಯ ಮಾರಾಟ ಬಂದ್ ಅಂತ ಆದೇಶ ಹೊರಡಿಸುವವರೂ ನೀವೇ. ನಿಮ್ಮ ಒಂದು ಸಹಿಗೆ ಇಡೀ ತಾಲ್ಲೂಕಿನ ಷಟರ್ ಕೆಳಗಿಳಿಯುವುದನ್ನು ಪ್ರತಿ ವರ್ಷ ನೋಡಿದ್ದೇನೆ. ಹಿಂದೆಲ್ಲ ಆ ದಿನಕ್ಕೆ ಮುಂಚೆಯೇ ಎರಡು ಬಾಟಲಿ ತಂದಿಟ್ಟುಕೊಳ್ಳುತ್ತಿದ್ದೆ.

ಆಸ್ಪತ್ರೆಯ ಮಹಡಿ ಮೇಲೆ, ಎಕ್ಸ್‌ರೇ ಕೋಣೆಯ ಪಕ್ಕ, ತರಬೇತಿಗೆ ಅಂತ ಮಾಡಿದ ಒಂದು ಕೋಣೆ ಇದೆ. ಸಂಜೆ ಐದರ ಮೇಲೆ ಖಾಲಿ. ಹಳೆಯ ಮಂಚ ಮೂರು ಇವೆ, ಅವನ್ನು ನಾವೇ ಪಕ್ಕಕ್ಕೆ ಇಡುತ್ತೇವೆ. ಅಲ್ಲಿನ ಫ್ಯಾನು ತಿರುಗುತ್ತಿಲ್ಲ, ವೈಂಡಿಂಗ್ ಹೋಗಿದೆ ಅನ್ನಿಸುತ್ತೆ, ಅದು ನನಗೆ ಬಿಡಿ. ಒಪ್ಪಿಗೆ ಇದ್ದರೆ ಉತ್ತರವನ್ನು ಯಾರ ಹೆಸರಿಗೂ ಕಳಿಸಬೇಕಿಲ್ಲ. ತಾಲ್ಲೂಕು ಕಚೇರಿಯ ನೋಟಿಸ್ ಬೋರ್ಡಿಗೆ ಒಂದು ಹಾಳೆ ಅಂಟಿಸಿದರೆ ಸಾಕು. ನಮ್ಮಲ್ಲಿ ಒಬ್ಬರು ದಿನಾ ಆ ಕಡೆ ಹೋಗುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ಗುರುವಾರದ ಗುಂಪಿನ ಒಬ್ಬ